ಕ್ಲೀಟಸ್‌ನ ಹೊಲದಲ್ಲಿ ಇಳಿದ ವಿಮಾನ

ಓಕ್ಲಹೋಮಾದ ನಮ್ಮ ಗೋಧಿ ಬಯಲಿಗೆ ಕಂಪನಿ ಗ್ಯಾಸ್ ಪೈಪು ತಂದಾಗ ನಾವು ಅಡ್ಡ ಮಲಗಿದೆವು, ಜೈಲಿಗೆ ಹೋದೆವು, ಸೋತೆವು. ಪೈಪು ನೆಲದಡಿ ಹೋಯಿತು. ವಾರಕ್ಕೊಮ್ಮೆ ಅದರ ಮೇಲೆ ಹಾರಿ ಕಾಯುವ ಕೆಲಸ ನಮ್ಮೂರಿನ ವೆಲ್ಡನ್ ಪ್ರೂಯಿಟ್‌ಗೆ ಸಿಕ್ಕಿತು. ದನಗಳನ್ನೆಲ್ಲ ಮಾರಿ ಅವನು ಎರಡು ಇಂಜಿನ್ನಿನ ಹಳೆಯ ವಿಮಾನ ಕೊಂಡಿದ್ದ.

"ಒಂದು ಕೈಕೊಟ್ರೆ ಇನ್ನೊಂದು ಮನೆ ಮುಟ್ಟಿಸುತ್ತೆ" ಎನ್ನುತ್ತಿದ್ದ.

"ಎರಡೂ ಕೈಕೊಟ್ರೆ ಬೈಯೋಕೆ ನಾನಿದೀನಿ" ಎನ್ನುತ್ತಿದ್ದಳು ಹೆಂಡತಿ ಆರ್ಲೀಟಾ. ರಿಪೇರಿಯೆಲ್ಲ ಅವಳದೇ.

ಹಸಿರಿನ ನಡುವೆ ಹುಲ್ಲು ಸತ್ತಿದ್ದರೆ ಸೋರಿಕೆ, ಯಾರಾದರೂ ಅಗೆಯುತ್ತಿದ್ದರೆ ಅಪಾಯ. ಇದನ್ನು ನೋಡುತ್ತ ವೆಲ್ಡನ್ ತೀರ ಕೆಳಗೆ ಹಾರುತ್ತಿದ್ದ. ಗುರುತಿನವರು ಕಂಡರೆ ರೆಕ್ಕೆ ತೂಗುತ್ತಿದ್ದ, ಅವರು ಕೈ ಬೀಸುತ್ತಿದ್ದರು. ನಮ್ಮ ಕ್ಲೀಟಸ್ ಟೀಗ್ ಮಾತ್ರ ತಿರುಗಿ, ಬಗ್ಗಿ, ಕುಂಡಿ ತೋರಿಸುತ್ತಿದ್ದ. ಚಳವಳಿ ಮುಗಿದರೂ ಅವನದು ಮುಗಿದಿರಲಿಲ್ಲ. ಪೈಪಿನ ಗುರುತಿಗೆಂದು ಕಂಪನಿ ನೆಟ್ಟಿದ್ದ ಹಳದಿ ಕಂಬಗಳನ್ನೂ ಕಿತ್ತು ಕೋಳಿಗೂಡಿಗೆ ಹಾಕಿದ್ದ.

ಕೊಯ್ಲು ಮುಗಿದ ಮೇಲೆ ಕ್ಲೀಟಸ್ ಅಗೆಯುವ ಯಂತ್ರ ಬಾಡಿಗೆಗೆ ತಂದು ದನಗಳಿಗೆ ನೀರಿನ ಹೊಂಡ ತೋಡತೊಡಗಿದ. ಅವನು ಕೂತಿದ್ದದ್ದು ನೇರ ಪೈಪಿನ ಮೇಲೆ. ವೆಲ್ಡನ್ ಮೇಲಿನಿಂದ ಕಂಡು ರೆಕ್ಕೆ ತೂಗಿದ. ಕ್ಲೀಟಸ್ ಇಳಿದು ಕುಂಡಿ ತೋರಿಸಿ ಮತ್ತೆ ಹತ್ತಿ ಕೂತ. ವಿಮಾನ ಇನ್ನೂ ತಗ್ಗಿ ಬಂತು. ಮತ್ತೆ ಅದೇ ಮರ್ಯಾದೆ. ರೇಡಿಯೋದಲ್ಲಿ ಹೇಳಿ ಕಂಪನಿಯವರು ಬರುವಷ್ಟರಲ್ಲಿ ಕ್ಲೀಟಸ್ ಬೂದಿಯಾಗಿರುತ್ತಿದ್ದ. ಹೊಲದಲ್ಲಿ ಇಳಿಸಿದರೆ ವಿಮಾನ ಮುರಿಯಬಹುದು, ಅದು ಬಿಟ್ಟರೆ ವೆಲ್ಡನ್‌ಗೆ ಹೊಟ್ಟೆಪಾಡಿಗೆ ಬೇರೇನೂ ಇರಲಿಲ್ಲ.

ಇಳಿಸಿದ. ಬಲಗಡೆಯ ಚಕ್ರ ಯಾವುದೋ ಬಿಲಕ್ಕೆ ಕುಸಿದು ಪ್ರೊಪೆಲ್ಲರ್ ನೆಲಕ್ಕೆ ಬಡಿದು ಮಡಚಿಕೊಂಡಿತು.

"ನನ್ನ ಹೊಲದಲ್ಲಿ ಇಳಿ ಅಂತ ಯಾರೋ ಹೇಳಿದ್ದು, ಕಂಪನಿ ನಾಯಿ?" ಎಂದು ಕ್ಲೀಟಸ್ ಕೂಗಿದ.

"ಮೊದ್ಲು ಯಂತ್ರ ಆರಿಸೋ, ಕತ್ತೆ. ಪೈಪಿನ ಮೇಲೆ ಕೂತಿದೀಯ."

"ಪೈಪು ಬೇಲಿ ಹತ್ರ ಇದೆ."

"ಕಂಬ ಕಿತ್ತೋನು ನೀನು. ಈಗ ನಂಗೇ ದಾರಿ ತೋರಿಸ್ತೀಯಾ?"

ಇಬ್ಬರೂ ಹೊಂಡದ ತಳವನ್ನು ಸಲಿಕೆಯಿಂದ ಮೆಲ್ಲಗೆ ಕೆರೆದರು. ಗೇಣು ಮಣ್ಣಿನಡಿ ಪೈಪು ಸಿಕ್ಕಿತು. ಕ್ಲೀಟಸ್ ಯಂತ್ರದ ಹಲ್ಲು ನೋಡಿದ, ಪೈಪು ನೋಡಿದ, ಯಂತ್ರದ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ.

ಹೊಲದಲ್ಲಿ ಇಳಿಯುವುದು ಕರಾರಿನಲ್ಲಿಲ್ಲ ಎಂದ ಕಂಪನಿ ಚಿಕ್ಕಾಸೂ ಬಿಚ್ಚದೆ ಕೆಲಸವನ್ನು ಬೇರೊಬ್ಬನಿಗೆ ಕೊಟ್ಟಿತು. ಕಂಪನಿ ಅಂದರೆ ಅಷ್ಟೇ. ಚಳಿಗಾಲವಿಡೀ ಆರ್ಲೀಟಾ ಶೆಡ್ಡಿನಲ್ಲಿ ಇಂಜಿನ್ ಬಿಚ್ಚಿ ಕಟ್ಟಿದಳು, ಎಲ್ಲಿಂದಲೋ ಹಳೆಯ ಪ್ರೊಪೆಲ್ಲರ್ ತರಿಸಿದಳು. ಕ್ಲೀಟಸ್ ದಿನಾ ಬಂದು ಒಲೆಗೆ ಸೌದೆ ಒಟ್ಟಿ, ಕಂಪನಿಯನ್ನು ಬೈಯುತ್ತ ಕೂರುತ್ತಿದ್ದ.

"ಬಾಯಿ ಮುಚ್ಚಿ ಆ ಸ್ಪ್ಯಾನರ್ ಕೊಡಪ್ಪ" ಎನ್ನುತ್ತಿದ್ದಳು ಆರ್ಲೀಟಾ. ಕೊಡುತ್ತಿದ್ದ. ಕ್ಷಮೆಯನ್ನಂತೂ ಕೇಳಲಿಲ್ಲ.

ಬದಲಿಗೆ ಬಂದವನು ನಮ್ಮ ಬಯಲಿನ ಬಿರುಗಾಳಿಗೆ ಬೇಸತ್ತು ಓಡಿಹೋದ. ವಸಂತದಲ್ಲಿ ಕೆಲಸ ಮರಳಿ ವೆಲ್ಡನ್‌ಗೇ ಬಂತು. ಮೊದಲ ದಿನ ಹಾರಿ ಬಂದಾಗ ಕ್ಲೀಟಸ್‌ನ ಹೊಲದಲ್ಲಿ ಹಳದಿ ಕಂಬಗಳು ತಮ್ಮ ಜಾಗದಲ್ಲೇ ನಿಂತಿದ್ದವು. ವೆಲ್ಡನ್ ರೆಕ್ಕೆ ತೂಗಿದ. ಕ್ಲೀಟಸ್ ತಿರುಗಿ ಬಗ್ಗಿದ.

"ಇಷ್ಟಾದ್ರೂ ಹಂಗೇ ಮಾಡ್ತಾನಲ್ಲೋ, ಬೇಜಾರಾಗಲ್ವಾ?" ಎಂದು ಹೋಟೆಲಿನಲ್ಲಿ ಕೇಳಿದೆ.

ವೆಲ್ಡನ್ ಕಾಫಿ ಕಲಕಿದ. "ಇಲ್ಲ ಕಣೋ. ಆ ಕುಂಡಿ ಕಾಣ್ಲಿಲ್ಲ ಅಂದ್ರೇನೇ ಅವ್ನಿಗೇನಾಯ್ತೋ ಅಂತ ಮತ್ತೆ ಇಳೀಬೇಕಾಗೋದು."