ಎಲ್ಲರೂ ಕಂಡಿದ್ದು, ಯಾರೂ ಹೇಳದ್ದು

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು ನಾನು. ನೆಮ್ಮದಿಯಾಗಿದ್ದ ದೇಶದ ಮೇಲೆ ಶತ್ರುಗಳು ಹಠಾತ್ತನೆ ಎರಗಿದ ಪಾಠ ಬಂದಾಗಲೆಲ್ಲ "ಮೈಮರೆತಿದ್ದರು" ಎಂದು ಒಂದೇ ಮಾತು ಹೇಳಿ ಪುಟ ತಿರುಗಿಸುತ್ತಿದ್ದೆ. ಹೋದ ವರ್ಷ ಒಬ್ಬ ಹುಡುಗಿ ಬಿಡಲಿಲ್ಲ. "ಅಷ್ಟೊಂದು ಸೈನ್ಯ ಇತ್ತಲ್ಲ ಮಿಸ್, ಒಬ್ರಿಗೂ ಗೊತ್ತಾಗ್ಲಿಲ್ವಾ?" ಎಂದಳು. ನಾನು ಅದೇ ಮಾತನ್ನು ಇನ್ನಷ್ಟು ಜೋರಾಗಿ ಹೇಳಿ ಕೂರಿಸಿದೆ. ಉತ್ತರ ಗೊತ್ತಿಲ್ಲದ ಮೇಷ್ಟರುಗಳಿಗೆ ಗಂಟಲೇ ಗತಿ.

ಸಂಜೆ ಇದನ್ನು ಚಿಕ್ಕಪ್ಪನಿಗೆ ಹೇಳಿದೆ. ಅವರು ವರ್ಷಗಟ್ಟಲೆ ಗಡಿ ಕಾದು, ನಿವೃತ್ತಿಯಾಗಿ, ಕೋಟೆ ತಾಲ್ಲೂಕಿನ ಕಾಡಂಚಿನ ನಮ್ಮೂರಿಗೆ ಮರಳಿದವರು. ನನ್ನ ಮಾತು ಅವರಿಗೆ ಹಿಡಿಸಲಿಲ್ಲ.

"ಯಾರೂ ಮೈಮರ್ತಿರಲ್ಲ ಕಣವ್ವ. ನಮ್ ಠಾಣೆನಾಗೆ ಒಬ್ಬ ಒಗೆ ನೋಡಿದ್ದ, ಇನ್ನೊಬ್ಬ ಏಸರಗತ್ತೆ ಲದ್ದಿ ನೋಡಿದ್ದ. ಯಾರೋ ಕುರಿ ಕಾಯೋರು ಅಂದ್ಕಂಡೋ. ಒಂದಿನ ಬೆಳಗ್ಗೆ ಎದ್ರೆ ಎದುರು ಗುಡ್ಡದ ಮ್ಯಾಲೆ ವೈರಿಗಳ ಡೇರೆ. ನೆಮ್ದಿಯಾಗಿರೋನ್ಗೆ ಕಂಡಿದ್ದೆಲ್ಲ ನೆಮ್ದಿಯಾಗೇ ಕಾಣ್ತದೆ."

ತಮ್ಮ ಸೈನ್ಯವನ್ನು ಬಿಟ್ಟುಕೊಡಲು ಮನಸ್ಸಿಲ್ಲ, ಅದಕ್ಕೇ ಈ ಮಾತು ಎಂದುಕೊಂಡೆ.

ನಮ್ಮೂರಿಗೆ ದಂಡೆತ್ತಿ ಬರುವುದು ಆನೆ. ರಾಗಿ ಕೊಯ್ಲಿನ ಕಾಲಕ್ಕೆ ಕಾಡಿನ ಕಡೆಯಿಂದ ಬರುತ್ತದೆ. ಚಿಕ್ಕಪ್ಪ ಬಂದ ಹೊಸದರಲ್ಲಿ ಮನೆಗೊಬ್ಬರಂತೆ ಸರದಿ ಕಾವಲು ಹಾಕಿಸಿದ್ದರು. ಅಟ್ಟಣೆ, ತಮಟೆ, ಪಟಾಕಿ, ಸೋಲಾರ್ ತಂತಿ ಎಲ್ಲ ಇತ್ತು. ನಾಲ್ಕು ವರ್ಷ ಒಂದಾನೆಯೂ ಇಣುಕಲಿಲ್ಲ. ಕಾವಲಿದ್ದುದರಿಂದ ಬರಲಿಲ್ಲ ಎನ್ನುವ ಬದಲು, ಬರದ ಮೇಲೆ ಕಾವಲೇಕೆ ಎಂದಿತು ಊರು. ಅಟ್ಟಣೆಯ ಮೇಲೆ ಅವರೆಕಾಯಿ ಒಣಗತೊಡಗಿತು. ಕೆರೆ ಕಡೆ ದನ ದಾಟಿಸಲೆಂದು ತಂತಿಯನ್ನು ಬಿಚ್ಚಿ ಬಿಟ್ಟರು. ಚಿಕ್ಕಪ್ಪನ ಮಂಡಿಯೂ ಊದಿಕೊಂಡಿತ್ತು; ಅವರೇ ಸುಮ್ಮನಾದ ಮೇಲೆ ಮಿಕ್ಕವರದೇನು?

ಇದರ ಮೇಲೆ ನಮ್ಮಲ್ಲೊಂದು ಕಟ್ಟುಪಾಡು. ಕೊಯ್ಲು ಮುಗಿಯುವವರೆಗೆ ಆನೆಯ ಸುದ್ದಿ ಎತ್ತಬಾರದು, ಎತ್ತಿದರೆ ಕರೆದಂತೆ. ಓದಿದವಳೆಂದು ನಾನು ನಗುತ್ತೇನೆ. ಆದರೂ ಆ ತಿಂಗಳು ನನ್ನ ಬಾಯಿಂದಲೂ ಆ ಮಾತು ಬರುವುದಿಲ್ಲ.

ಚಿಕ್ಕಪ್ಪ ಆ ಮಾತಾಡಿದ ವಾರದ ಭಾನುವಾರ ಚಿಕ್ಕಮ್ಮ ಬೆಳಗ್ಗೆಯೇ ಹೊಲಕ್ಕೆ ಹೋಗಿ ಕೊಯ್ದ ರಾಗಿಯನ್ನು ಒಟ್ಟುತ್ತಿದ್ದಳು. ಬಿಸಿಲೇರಿದ ಮೇಲೆ ನಾನೂ ಚಿಕ್ಕಪ್ಪನೂ ಅವಳಿಗೆ ಉಪ್ಪಿಟ್ಟು ತೆಗೆದುಕೊಂಡು ಹೊರಟೆವು. ಬದು ಹತ್ತಿ ನೋಡಿದರೆ ನಮಗೂ ಅವಳಿಗೂ ನಡುವೆ ಒಂಟಿ ಸಲಗ ನಿಂತಿತ್ತು. ಕಾಡಿನ ಕಡೆಯಿಂದಲ್ಲ, ಕೆರೆ ಕಡೆಯಿಂದ ಬಂದಿತ್ತು.

ಚಿಕ್ಕಮ್ಮ ತೋಳ ತುಂಬ ತೆನೆ ಹಿಡಿದು ಹಾಗೇ ನಿಂತಿದ್ದಳು. ಅವಳಿಂದ ಆನೆಗೆ ಹತ್ತು ಮಾರೂ ಇರಲಿಲ್ಲ. ಕೂಗಿದರೆ ಅವಳ ಮೇಲೇ ತಿರುಗುತ್ತದೆಂದು ಚಿಕ್ಕಪ್ಪ ಉಸಿರೆತ್ತಲಿಲ್ಲ. ಗಡಿ ಕಾದವರ ಕೈಯಲ್ಲಿ ಆಗ ಇದ್ದದ್ದು ತಿಂಡಿಯ ಡಬ್ಬಿ.

ಆನೆಗೆ ಯಾವ ಅವಸರವೂ ಇರಲಿಲ್ಲ. ಒಂದು ಹೊರೆ ಎತ್ತಿ, ಮುಂಗಾಲಿಗೆ ಬಡಿದು ಮಣ್ಣು ಕೊಡವಿ, ನಮ್ಮ ಅಜ್ಜಿ ಸೊಪ್ಪು ಸೋಸುವಷ್ಟು ಅಚ್ಚುಕಟ್ಟಾಗಿ ತಿಂದಿತು. ಅಷ್ಟು ದೊಡ್ಡ ಜೀವ ಒಂದು ಸದ್ದೂ ಇಲ್ಲದೆ ಹೊಲದೊಳಗೆ ಬಂದು ನಿಂತಿತ್ತಲ್ಲ! ನನ್ನ ಕಣ್ಣು ಅದನ್ನು ಬಿಟ್ಟು ಕದಲಲಿಲ್ಲ. ಅಂಥ ಭಯವನ್ನೂ ಬೆರಗನ್ನೂ ಒಟ್ಟಿಗೆ ನಾನು ಎಂದೂ ಕಂಡಿಲ್ಲ. ಅದು ಚಿಕ್ಕಮ್ಮನನ್ನು ಒಮ್ಮೆ ನೋಡಿತು. ಆಮೇಲೆ ತಿರುಗಿ, ನಾವು ದನಗಳಿಗೆಂದು ಬಿಟ್ಟಿದ್ದ ದಾರಿಯಲ್ಲೇ ಹೊರಟುಹೋಯಿತು.

ಮಧ್ಯಾಹ್ನ ಗುಡಿಯ ಜಗಲಿಯಲ್ಲಿ ಊರು ಸೇರಿತು. ಬಾಯಿಗಳು ಆಗ ಬಿಚ್ಚಿಕೊಂಡವು. ಒಬ್ಬರು ಕೆರೆ ಏರಿಯಲ್ಲಿ ಲದ್ದಿ ನೋಡಿದ್ದರು. ಇನ್ನೊಬ್ಬರು ಹಲಸಿನ ಕೊಂಬೆ ಮುರಿದದ್ದು ನೋಡಿದ್ದರು. ಕೂಲಿಗೆ ಬರುವ ಬುಡಕಟ್ಟು ಹಾಡಿಯ ಹೆಂಗಸು ಮೂರು ದಿನದಿಂದ ಬಿದಿರು ಮುರಿಯುವ ಸದ್ದು ಕೇಳಿದ್ದಳು. ಯಾರೂ ಯಾರಿಗೂ ಹೇಳಿರಲಿಲ್ಲ. ನಿಜಕ್ಕೂ ಆನೆಗಿಂತ ನನ್ನನ್ನು ಬೆಚ್ಚಿಬೀಳಿಸಿದ್ದು ಇದು. ಕಣ್ಣು ಬಿಟ್ಟುಕೊಂಡೇ ಇದ್ದ ಒಂದು ಇಡೀ ಊರು ತನಗೆ ಗೊತ್ತಿದ್ದುದನ್ನು ಚೂರು ಚೂರಾಗಿ ಹೊಟ್ಟೆಯಲ್ಲಿಟ್ಟುಕೊಂಡು ಕೂತಿತ್ತು. ಊರೇ ಹೀಗಾದರೆ ದೇಶವೆಷ್ಟು ದೊಡ್ಡದು, ಅದರ ಹೊಟ್ಟೆ ಎಷ್ಟು ದೊಡ್ಡದು! ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಅಂದೇ ಎಲ್ಲರೂ ಸೇರಿ ತಂತಿ ಕಟ್ಟಿದರು.

ಮನೆಗೆ ಬಂದ ಮೇಲೆ ಚಿಕ್ಕಪ್ಪ ತಲೆ ತಗ್ಗಿಸಿ ಕೂತರು.

"ನೆನ್ನೆ ನಾನೂ ಎಜ್ಜೆ ನೋಡ್ದೆ ಕಣಮ್ಮಿ. ಅಳೇದು ಅಂದ್ಕಂಡೆ. ವಸದು ಅಂದ್ರೆ ಅಟ್ಟಣೆ ಅತ್ಬೇಕಿತ್ತಲ್ಲ."

ಚಿಕ್ಕಮ್ಮ ಸೆರಗಿಗೆ ಅಂಟಿದ್ದ ರಾಗಿ ಹೊಟ್ಟು ಕೀಳುತ್ತಿದ್ದಳು.

"ನಾನು ಮೊನ್ನೇನೆ ಇನ್ನೊಂದು ಎಜ್ಜೆ ನೋಡಿದ್ದೆ. ನೀವೆಲ್ಲಾರ ನೋಡ್ಬುಟ್ರೆ ಈ ಚಳಿನಾಗೆ ಆ ಮಂಡಿ ಇಟ್ಕಂಡು ಕಾಯಕ್ಕೆ ಓಯ್ತೀರಿ ಅಂತ, ಅದ್ರ ಮ್ಯಾಲೆ ಉಲ್ಲು ಎಳ್ದು ಮುಚ್ಬುಟ್ಟೆ."