ಕೊಳವೆಗೆ ಕಟ್ಟಿದ ಊಜಿ ಬಲೆ

ಅಕ್ಕೂರಿನ ಪುಟ್ಟಸ್ವಾಮಿಯವರು ರೇಷ್ಮೆ ಹುಳು ಸಾಕುವುದರಲ್ಲಿ ಎತ್ತಿದ ಕೈ. ಹುಳುಮನೆಯ ಕಿಟಕಿಗೆ, ಬಾಗಿಲಿಗೆ, ಸೂರಿನ ಸಂದಿಗೆ ನೈಲಾನ್ ಬಲೆ ಕಟ್ಟದೆ ಅವರು ಒಂದು ಬೆಳೆಯನ್ನೂ ಎತ್ತಿದವರಲ್ಲ. ಊಜಿ ನೊಣ ಒಳಗೆ ನುಗ್ಗಿದರೆ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಬೆಳೆಯನ್ನೇ ಹಾಳು ಮಾಡುತ್ತದೆ. ಹೀಗಾಗಿ ಗೋಡೆಯಲ್ಲಿ ಎಲ್ಲೇ ತೂತು ಕಂಡರೂ ಅವರ ಕೈ ತಾನಾಗಿ ಬಲೆ ಹುಡುಕುತ್ತಿತ್ತು.

ಹೆಂಡತಿ ಅಂಬುಜಮ್ಮನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದ ಮೇಲೆ ದುಪ್ಪಟಿ ಒಗೆಯುವುದು ಸೊಸೆ ರಮ್ಯಾಳಿಗೆ ದಿನದ ಕೆಲಸವಾಯಿತು. ಮಳೆಗಾಲದಲ್ಲಿ ಒಣಗುವುದಿಲ್ಲವೆಂದು ಮಗ ಮಧುಕುಮಾರ್ ಬಟ್ಟೆ ಒಣಗಿಸುವ ಮೆಷಿನ್ ತಂದ. ಅದನ್ನು ಕೂರಿಸಲು ಚನ್ನಪಟ್ಟಣದಿಂದ ಬಂದ ತಾಜ್ ಪಾಷಾ, ಬಿಸಿಗಾಳಿಯ ಕೊಳವೆಯನ್ನು ಹಿಂದಿನ ಗೋಡೆ ಕೊರೆದು ಹೊರಕ್ಕೆ ಬಿಟ್ಟು ಹೋದ. ಅವನು ಹೋದ ಸಂಜೆಯೇ ಪುಟ್ಟಸ್ವಾಮಿ ಅದರ ಬಾಯಿಗೆ ಬಲೆ ಬಿಗಿದರು. ಆಮೇಲೆ ಮರೆತೇಬಿಟ್ಟರು.

ಬರಬರುತ್ತಾ ಮೆಷಿನ್ ಎಷ್ಟು ತಿರುಗಿದರೂ ದುಪ್ಪಟಿ ಹಸಿಹಸಿಯಾಗಿಯೇ ಬರತೊಡಗಿತು. ಅಂಬುಜಮ್ಮನ ಬೆನ್ನು ಕೆಂಪಾಯಿತು. ಅದು ಪುಟ್ಟಸ್ವಾಮಿಯ ಕಣ್ಣಿಗೆ ಬಿದ್ದ ದಿನ, ತಿಪ್ಪಸಂದ್ರದಿಂದ ರಮ್ಯಾಳ ಅಪ್ಪ ವೆಂಕಟಯ್ಯ ಮಗಳನ್ನು ನೋಡಲು ಬಂದಿದ್ದರು. ಊಟಕ್ಕೆ ಕೂತಿದ್ದ ಬೀಗರ ಎದುರಿಗೇ ಪುಟ್ಟಸ್ವಾಮಿ ಸಿಡುಕಿದರು.

“ಬ್ಯಾಗ ಮುಗೀಲಿ ಅಂತ ಮೂಟೆಗಟ್ಲೆ ತುರುಕ್ತಾಳೆ, ಅದೇನ್ ಒಣಗ್ತದೆ? ಮಲಗಿರೋರ್ ಮ್ಯಾಲೆ ಒಸಿನಾರ ಕರುಣೆ ಬ್ಯಾಡ್ವಾ ಬೀಗ್ರೆ?”

ರಮ್ಯಾ ಒಳಗೆ ಹೋದಳು. ವೆಂಕಟಯ್ಯ ಮುರಿದ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ತಲೆ ತಗ್ಗಿಸಿದರು.

ಮರುದಿನ ಬೆಳಿಗ್ಗೆ ಹಿಪ್ಪುನೇರಳೆ ಕಡ್ಡಿ ಒಟ್ಟಲು ಹಿತ್ತಿಲಿಗೆ ಹೋದಾಗ ಪುಟ್ಟಸ್ವಾಮಿಗೆ ಕೊಳವೆ ಕಂಡಿತು. ಬಲೆ ಉಬ್ಬಿ ನಿಂತಿತ್ತು. ಅದರೊಳಗೆ ಬಟ್ಟೆಯ ಜುಂಗು ಒದ್ದೆ ಕಂಬಳಿಯಂತೆ ಮೆತ್ತಿಕೊಂಡಿತ್ತು. ಒಳಗೆ ಮೆಷಿನ್ ತಿರುಗುವ ಸದ್ದು ಕೇಳುತ್ತಿದ್ದರೂ ಹೊರಗೆ ಗಾಳಿಯ ಸುಳಿವಿಲ್ಲ. ಗಾಳಿಯಾಡದಿದ್ದರೆ ಹುಳು ಕೆಡುತ್ತವೆಂದು ಊರಿಗೆಲ್ಲ ಬುದ್ಧಿ ಹೇಳುವವರು ತಾವೇ! ಆಚೀಚೆ ನೋಡಿ ಗಂಟು ಬಿಚ್ಚಿದರು, ಕೈ ತೂರಿಸಿ ಜುಂಗು ಕಿತ್ತರು. ಬಿಸಿಗಾಳಿ ಮುಖಕ್ಕೆ ರಾಚಿತು. ಬಲೆಯನ್ನು ಕಡ್ಡಿಯ ರಾಶಿಯಡಿ ತುರುಕಿ, ಏನೂ ಆಗದವರಂತೆ ಜಗಲಿಗೆ ಬಂದು ಕೂತರು.

ಸ್ವಲ್ಪ ಹೊತ್ತಿಗೆ ರಮ್ಯಾ ಗರಿಗರಿ ದುಪ್ಪಟಿ ಹಿಡಿದು ಬಂದಳು. “ನೀವ್ ಹೇಳ್ದಂಗೇ ಕಮ್ಮಿ ಹಾಕ್ದೆ ಮಾವ, ಒಣಗ್ಬುಡ್ತು. ನಂದೇ ತೆಪ್ಪು.”

ರಾತ್ರಿ ಅಲ್ಲೇ ಉಳಿದು, ಈಗ ಬಸ್ಸಿಗೆಂದು ಚಪ್ಪಲಿ ಮೆಟ್ಟಿದ್ದ ವೆಂಕಟಯ್ಯ ಕೈಮುಗಿದರು. “ನೀವ್ ಬೈದಿದ್ದೇ ಒಳ್ಳೇದಾಯ್ತು ಬುಡಿ ಬೀಗ್ರೆ. ಇನ್ಮೇಲೆ ಕಲ್ತ್ಕತಾಳೆ.”

ಆ ಮುಗಿದ ಕೈಗಳನ್ನು ಪುಟ್ಟಸ್ವಾಮಿಗೆ ನೋಡಲಾಗಲಿಲ್ಲ. ಎದ್ದು ಹಿತ್ತಿಲಿಗೆ ಹೋಗಿ, ಬಲೆ ತಂದು ಬೀಗರ ಮುಂದೆ ಹಾಕಿದರು.

“ಕೊಳವೆ ಬಾಯ್ಗೆ ಇದ್ನ ಕಟ್ಟಿದ್ದು ನಾನು. ಗಾಳಿ ಕಟ್ಕಂಡು ಒಣಗ್ತಿರ್ನಿಲ್ಲ. ಈಗ ಬಿಚ್ಚಿ, ಬಚ್ಚಿಟ್ಟು ಬಂದಿದ್ದೆ. ನಿಮ್ ಮಗಳ್ದು ಏನೂ ತೆಪ್ಪಿಲ್ಲ.”

ಒಳಗಿನ ಮಂಚದಿಂದ ಅಂಬುಜಮ್ಮನ ತೊದಲು ದನಿ ಬಂತು: “ಊಜಿ... ದುಪ್ಟೀಗೂ ಮೊಟ್ಟೆ ಇಕ್ತದಾ?”

ರಮ್ಯಾ ನಗು ತಡೆಯಲಾರದೆ ವೇಲಿನಿಂದ ಬಾಯಿ ಮುಚ್ಚಿಕೊಂಡಳು. ವೆಂಕಟಯ್ಯ ಚಪ್ಪಲಿ ಬಿಟ್ಟು ಮತ್ತೆ ಕೂತರು. “ಒಸಿ ಕಾಪಿ ಕಾಸವ್ವ. ಮುಂದಿನ್ ಬಸ್ಗೆ ಓಯ್ತೀನಿ.”

ಕಾಫಿ ಬಂತು. ಮೊದಲ ಲೋಟವನ್ನು ರಮ್ಯಾ ಮಾವನಿಗೇ ಚಾಚಿದಳು. ಉಗುರಿನಲ್ಲಿ ಇನ್ನೂ ಜುಂಗು ಅಂಟಿದ್ದ ಕೈಯಿಂದ ಪುಟ್ಟಸ್ವಾಮಿ ಅದನ್ನು ತೆಗೆದುಕೊಂಡರು. ತಲೆ ಮಾತ್ರ ಎತ್ತಲಿಲ್ಲ.