ಟ್ಯಾಂಕಿನ ಮೇಲೆ ಬೆಳೆದ ಬಸಳೆ

ನಾನು ಹೇಳಿದ ಒಂದು ಸುಳ್ಳಿಗೆ ನನ್ನ ಗಂಡನ ಎರಡೂ ಕೈ ಸುಟ್ಟವು. ಹೇಳಿಕೊಂಡರೆ ಎದೆ ಹಗುರಾಗುತ್ತದೆ ಅನ್ನುತ್ತಾರೆ. ಅನ್ನುವವರಿಗೇನು, ಹೇಳಿ ನೋಡಿದವಳು ನಾನು.

ಆಗ ನಾವು ಅರಬ್ ದೇಶದ ಅಲ್ ಖಫ್ಜಿಯಲ್ಲಿದ್ದೆವು. ಇವರು ಎಣ್ಣೆ ಬಾವಿಗಳ ಕಡೆ ಪೈಪ್‌ಲೈನ್ ಟೆಕ್ನೀಷಿಯನ್. ಬಾಡಿಗೆಯ ಹಳೇ ಮನೆ. ಅಂಗಳಕ್ಕೆಲ್ಲ ಸಿಮೆಂಟು, ಅಡುಗೆ ಗ್ಯಾಸಿನ ಟ್ಯಾಂಕ್ ಹೂತ ಚೌಕದಲ್ಲಿ ಮಾತ್ರ ಮಣ್ಣು. ಕರಾವಳಿಯ ಹೆಂಗಸಿಗೆ ಒಂದು ಮೊಳ ಮಣ್ಣು ಕಂಡರೆ ಕೈ ಸುಮ್ಮನಿರುತ್ತದೆಯೇ? ಊರಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಬಸಳೆಯ ತುಂಡನ್ನು ಅಲ್ಲೇ ಊರಿದೆ. ಆ ಟ್ಯಾಂಕ್ ಗ್ಯಾಸ್ ಕಂಪನಿಯದು, ನಮಗೆ ಬಾಡಿಗೆಗೆ ಕೊಟ್ಟದ್ದು. ತಪಾಸಣೆಗೆ ಬಂದವನು ಒಂದು ಮಾತೂ ಆಡದೆ ಬಳ್ಳಿಯನ್ನು ಬೇರು ಸಮೇತ ಕಿತ್ತು ಗೋಡೆಯಾಚೆ ಎಸೆದ. ಮತ್ತೆ ನೆಟ್ಟೆ, ಮತ್ತೆ ಕಿತ್ತ.

ಇವರಿಗೆ ರೋಷ ಬಂತು. ದಿನವಿಡೀ ಪೈಪಿನ ಜೊತೆ ಏಗುವ ತನಗೆ ಇವನೇನು ಹೇಳಿಕೊಡುವುದು ಎಂದು ಮನೆ ಮಾಲೀಕನನ್ನು ಒಪ್ಪಿಸಿ, ಕಂಪನಿಯ ಟ್ಯಾಂಕ್ ಕೀಳಿಸಿ, ಸ್ವಂತದ್ದನ್ನೇ ಹೂಳಿಸಿದರು. ಲಾರಿ ಬಂದು ಗ್ಯಾಸ್ ತುಂಬಿಸಿ ಹೋಗುತ್ತಿತ್ತು ಅಷ್ಟೇ, ತಪಾಸಣೆಯೆಲ್ಲ ನಮ್ಮ ಪಾಲಿಗೆ. ಅಲ್ಲಿ ಇರಲು ಬೇಕಾದ ಇಕಾಮಾ ಕೆಲಸಕ್ಕೆ ಕರೆಸಿಕೊಂಡ ಕಫೀಲನ ಕೈಯಲ್ಲಿ, ಮನೆ ಇನ್ನೊಬ್ಬರದ್ದು. ಆ ದೇಶದಲ್ಲಿ ನಮ್ಮದು ಅಂತ ಇದ್ದದ್ದು ನೆಲದಡಿಯ ಆ ಟ್ಯಾಂಕ್ ಒಂದೇ. ನಾನು ಧೈರ್ಯವಾಗಿ ಬಸಳೆ ನೆಟ್ಟು, ಚಪ್ಪರ ಹಾಕಿ, ಮೀನು ತೊಳೆದ ನೀರನ್ನೆಲ್ಲ ಬುಡಕ್ಕೆ ಸುರಿದೆ. ಊರಲ್ಲಿ ಎಲ್ಲರೂ ಹಾಗೆಯೇ ಮಾಡುವುದು. ಉಪ್ಪು ಹಾಕಿ ಉಜ್ಜಿದ ಮೀನಿನ ನೀರು ಮಣ್ಣಿನೊಳಗಿನ ಕಬ್ಬಿಣವನ್ನು ಏನು ಮಾಡೀತು ಎಂದು ಅಲ್ಲಿ ಯಾರೂ ಯೋಚಿಸಬೇಕಾಗಿರಲಿಲ್ಲ.

ಎರಡು ವರ್ಷ ಬಸಳೆ ತಿಂದೆವು. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವರು ಚಪ್ಪರದ ಹತ್ತಿರ ನಿಂತರು.

"ಎಂತ ಮಾರಾಯ್ತಿ, ಗ್ಯಾಸಿನ ವಾಸನೆ ಅಲ್ವಾ?"

ನನಗೆ ಅದು ಮೂರು ದಿನದಿಂದ ಬರುತ್ತಿತ್ತು. ಹೌದು ಅಂದರೆ ನೆಲ ಅಗೆಯುತ್ತಾರೆ, ಚಪ್ಪರ ಹೋಗುತ್ತದೆ.

"ಗ್ಯಾಸೂ ಇಲ್ಲ, ಎಂತದೂ ಇಲ್ಲ. ನಿನ್ನೆ ಬಂಗುಡೆ ತೊಳೆದ ನೀರು ಹಾಕಿದ್ದೆ," ಎಂದೆ.

ಆ ವಾರ ಮನೆಗೆ ಮೀನೇ ಬಂದಿರಲಿಲ್ಲ. ಇವರು ನನ್ನ ಮುಖವನ್ನೊಮ್ಮೆ ನೋಡಿ, ಸರಿ ಎಂದು ಹೋದರು.

ಮಾರನೇ ದಿನ ಟ್ಯಾಂಕಿನ ಮುಚ್ಚಳದ ಪಕ್ಕದಲ್ಲಿದ್ದ ನೀರಿನ ಪಂಪಿನ ಸ್ವಿಚ್ ಒತ್ತಿದರು. ಧಗ್ಗೆಂದು ಬೆಂಕಿ ಎದ್ದಿತು. ಪಕ್ಕದ ಮನೆಯವರು ಕಂಬಳಿ ಹೊದಿಸಿ ಇವರನ್ನು ಎಳೆದುಕೊಂಡರು. ಪೈಪಿನ ಕೀಲು ತುಕ್ಕು ಹಿಡಿದು ಹೋಗಿತ್ತಂತೆ, ಬೆರಳು ತಾಗಿಸಿದರೆ ಉದುರುತ್ತಿತ್ತಂತೆ.

ಆಸ್ಪತ್ರೆಗೆ ನೋಡಲು ಬಂದ ನಮ್ಮೂರ ಕಡೆಯವರಿಗೆಲ್ಲ ಇವರು, ಮೀನಿನ ವಾಸನೆಯಲ್ಲಿ ಗೊತ್ತೇ ಆಗಲಿಲ್ಲ ಎನ್ನುತ್ತಿದ್ದರು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ನಾನು ಸುಮ್ಮನಿದ್ದೆ. ಅಯ್ಯೋ ದೇವರೇ, ಒಬ್ಬೊಬ್ಬರು ಬಂದಾಗಲೂ ನನಗೆ ಸತ್ತು ಹುಟ್ಟಿದ ಹಾಗಾಗುತ್ತಿತ್ತು. ಕೊನೆಗೊಂದು ಮಧ್ಯಾಹ್ನ ಗಂಜಿ ಕುಡಿಸುತ್ತ ಎಲ್ಲ ಹೇಳಿಬಿಟ್ಟೆ.

ಇವರಿಗೆ ಆಶ್ಚರ್ಯವೇ ಆಗಲಿಲ್ಲ. "ಮನೆಗೆ ಮೀನು ತರುವವ ನಾನಲ್ವಾ?" ಎಂದರು. "ಗ್ಯಾಸೇ ಅಂತ ನಂಗೂ ಗೊತ್ತಿತ್ತು. ಆ ಕಂಪನಿಯವನನ್ನು ಪುನಃ ಯಾವ ಮುಖದಲ್ಲಿ ಕರೆಯುವುದು ಅಂತ ಸುಮ್ಮನಾದೆ. ಒಂದು ಸ್ವಿಚ್ಚಿಗೆ ಹತ್ತಿಕೊಳ್ಳುವಷ್ಟು ಸೋರಿದೆ ಅಂತ ಎಣಿಸಲಿಲ್ಲ."

ಈಗ ನಾವು ಜಿದ್ದಾದ ಅಜೀಜಿಯಾದಲ್ಲಿ, ಮೂರನೇ ಮಹಡಿಯಲ್ಲಿದ್ದೇವೆ. ಅಡುಗೆ ಸಿಲಿಂಡರಿನಲ್ಲಿ. ಒಲೆ ಆರಿಸಿದ ಮೇಲೂ ನನಗೆ ವಾಸನೆ ಬಂದಂತಾಗುತ್ತದೆ, ಹೋಗಿ ನೋಡುತ್ತೇನೆ. ಒಳಗಿನಿಂದ ಇವರು, ಉಂಟಾ ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ. ನಿಜವಾಗಿಯೂ ಇರುವುದಿಲ್ಲ. ಆದರೂ ಅವರು ಎದ್ದು ಬಂದು, ಸಿಲಿಂಡರಿನ ಹತ್ತಿರ ಬಗ್ಗಿ, ತಾವೇ ಒಮ್ಮೆ ಮೂಸಿ ನೋಡಿ ಹೋಗುತ್ತಾರೆ.